ಕಾಕಂಬಿ ಬೆರೆತ ಉಸುಕು

ಘಾಟ್ಕೋಪರಿನಲ್ಲಿ ಆಗ್ರಾ ರೋಡಿಗೆ ಬೆನ್ನು ಮಾಡಿ ನಿಂತ ತಗಡಿನ ಶೆಡ್ಡೊಂದರಲ್ಲಿ ರಾಚವ್ವ ಒಂಬತ್ತು ವರ್ಷ ಕೋರು ಮಾಡಿದಳು. ಊರಿಗೆ ಹೋದಾಗ ಯಾರಾದರೂ "ಮುಂಬೈಯಾಗ ಏನ್ ಕೆಲಸಾ ಮಾಡ್ತೀಯವಾ?" ಎಂದು ಕೇಳಿದರೆ "ಉಸುಕಿನ ರೊಟ್ಟಿ ಬಡೀತೀನಿ" ಎಂದು ಹೇಳಿ ಮುಂದೆ ನಡೆಯುತ್ತಿದ್ದಳು. ಅದಕ್ಕಿಂತ ಹೆಚ್ಚು ವಿವರಿಸುವ ತಾಳ್ಮೆ ಆಕೆಗಿರಲಿಲ್ಲ. ನಾನು ಆಕೆಯ ಮನೆಯಿದ್ದ ಚಾಳಿಗೇ, ಎರಡು ಖೋಲಿ ಆಚೆಗೆ, ಸೊಸೆಯಾಗಿ ಬಂದವಳು. ಇದನ್ನೆಲ್ಲ ಅರ್ಧ ಆಕೆಯಿಂದ, ಅರ್ಧ ಆಕೆಯ ಗಂಡ ದಾನಪ್ಪನಿಂದ ಕೇಳಿದ್ದೇನೆ. ಇಬ್ಬರ ಮಾತು ಕೂಡದ ಕಡೆ ರಾಚವ್ವನನ್ನೇ ನಂಬಿದ್ದೇನೆ.

ಆ ಫೌಂಡ್ರಿಯಲ್ಲಿ ಎರಕದ ಕಬ್ಬಿಣದ ನೀರಿನ ಪಂಪು ಮಾಡುತ್ತಿದ್ದರು. ಪಂಪಿನೊಳಗೆ ನೀರು ಸುತ್ತಲು ಟೊಳ್ಳು ಬೇಕಲ್ಲ? ಕರಗಿದ ಕಬ್ಬಿಣ ಅಚ್ಚನ್ನೆಲ್ಲ ತುಂಬಿಬಿಟ್ಟರೆ ಅದು ಪಂಪಲ್ಲ, ಗುಂಡು. ಅದಕ್ಕೇ ಟೊಳ್ಳು ಬೇಕಾದ ಕಡೆ ಅದೇ ಆಕಾರದ ಉಸುಕಿನ ಗಟ್ಟಿ ಗೊಂಬೆಯೊಂದನ್ನು ಅಚ್ಚಿನೊಳಗೆ ಕೂಡಿಸುತ್ತಾರೆ. ಕಬ್ಬಿಣ ಅದರ ಸುತ್ತ ತುಂಬಿ ಆರಿದ ಮೇಲೆ ಗೊಂಬೆಯನ್ನು ಒಡೆದು ಉದುರಿಸುತ್ತಾರೆ. ಅದೇ ಕೋರು. ಬರೀ ಉಸುಕು ನಿಲ್ಲುವುದಿಲ್ಲ. ಅದಕ್ಕೆ ಅಗಸಿ ಎಣ್ಣೆ, ಒಂದಿಷ್ಟು ಹಿಟ್ಟು ಕಲಸಬೇಕು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಬಡಿದು ಕೂಡಿಸಬೇಕು. ಮುರಿಯದಂತೆ ನಡುವೆ ತಂತಿ ಇಡಬೇಕು, ಹಬೆ ಹೊರಗೆ ಹೋಗಲು ಕಡ್ಡಿ ಚುಚ್ಚಿ ದಾರಿ ಬಿಡಬೇಕು. ಆಮೇಲೆ ಕಬ್ಬಿಣದ ಬಾಗಿಲಿನ ಒಲೆಯಲ್ಲಿಟ್ಟು ಹುರಿದ ಗೋಧಿಯ ಬಣ್ಣ ಬರುವ ತನಕ ಬೇಯಿಸಬೇಕು. ಈ ಕೆಲಸಕ್ಕೆ ಅಲ್ಲಿ ಇಬ್ಬರೇ ಹೆಂಗಸರು. ಒಬ್ಬಳು ರಾಚವ್ವ, ಇನ್ನೊಬ್ಬಳು ಬೆಳಗಾವಿ ಕಡೆಯ ಕಾಶವ್ವ. ಕಾಶವ್ವ ವಯಸ್ಸಿನಲ್ಲಿ ಹಿರಿಯಳು, ಗಂಡ ಸತ್ತವಳು, ಮಾತು ಕಡಿಮೆ.

ರಾಚವ್ವನಿಗೆ ಆ ಕೆಲಸ ಕೊಡಿಸಿದವನು ಫೌಂಡ್ರಿಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದ ನೀಲಕಂಠಪ್ಪ ಮಿಸ್ತ್ರಿ. ದಾನಪ್ಪನ ಊರಿನವನೇ, ದೂರದ ಸಂಬಂಧ. ದಾನಪ್ಪ ಕುರ್ಲಾದ ಒಂದು ಗಿರಣಿಯಲ್ಲಿ ಪಹರೆಯವನು. ಒಮ್ಮೆ ಗಿರಣಿ ಆರು ತಿಂಗಳು ಬಾಗಿಲು ಹಾಕಿತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಆಗ ನೀಲಕಂಠಪ್ಪ ಚಾಳಿಗೆ ಬಂದು, "ನಾಳೆ ರಾಚವ್ವನ್ನ ಕಳಸು. ರೊಟ್ಟಿ ಬಡಿಯು ಕೈ, ಉಸುಕು ಬಡೀಲಿಕ್ಕೆ ಬರಂಗಿಲ್ಲೇನು?" ಎಂದಿದ್ದ. ಕಲಿಸಿದವನೂ ಅವನೇ. ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಗೆರೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಬೆಂದ ಕೋರನ್ನು ತಟ್ಟಿದರೆ ಗಡಿಗೆ ತಟ್ಟಿದ ಸದ್ದು ಬರಬೇಕು. ಫೌಂಡ್ರಿಯ ಮಾಲೀಕ ಶೇಠ್ ಗುಜರಾತಿನವನು; ಹೆಂಗಸರಿಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಶೇಠ್ ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಶೇಠನಿಗೆ ದಾಟಿಸುವವನು ಮಿಸ್ತ್ರಿಯೇ. ರಾಚವ್ವ ಅವನನ್ನು ಕಾಕಾ ಎಂದು ಕರೆಯುತ್ತಿದ್ದಳು.

೧೯೫೫ರ ಜುಲೈ. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಒಂದು ಶನಿವಾರ ಬುಟ್ಟಿಯಲ್ಲಿ ಬಂದ ಉಸುಕಿಗೆ ಕೈ ಹಾಕಿದಾಗ ರಾಚವ್ವನಿಗೆ ಅಗಸಿ ಎಣ್ಣೆಯ ಘಾಟು ಬರಲಿಲ್ಲ. ಉಸುಕು ಬೆರಳಿಗೆ ಅಂಟಿತು. ಮೂಗಿನ ಹತ್ತಿರ ಹಿಡಿದಳು. ಜಮಖಂಡಿ ಹತ್ತಿರದ ಆಕೆಯ ತವರಿನಲ್ಲಿ ಚಳಿಗಾಲಕ್ಕೆ ಕಬ್ಬಿನ ಗಾಣ ಹೂಡಿದಾಗ ಊರಿಗೆಲ್ಲ ಹಬ್ಬುತ್ತಿದ್ದ ಸಿಹಿ ಕಮಟು.

"ಕಾಶವ್ವಾ, ಇದು ಕಾಕಂಬಿ ಐತಿ ನೋಡು. ಎಣ್ಣೀನ ಹಾಕಿಲ್ಲ."

ಕಾಶವ್ವ ಮೂಸಿ ನೋಡಿದಳು. "ಹೌದು. ಇರ್ಲಿ ಬಿಡು. ಕೊಟ್ಟಿದ್ದು ಬಡಿಯೋದು ನಮ್ಮ ಕೆಲಸಾ."

ಕಾಕಂಬಿ ಎಂದರೆ ಕಬ್ಬಿನ ಕಪ್ಪು ಪಾಕ; ಅದೂ ಉಸುಕನ್ನು ಹಿಡಿಯುತ್ತದೆ, ಬೇಸಿಗೆಯಲ್ಲಿ ಅಷ್ಟೇನೂ ಕಾಡುವುದಿಲ್ಲ. ಆದರೆ ಮಳೆಗಾಲದಲ್ಲಿ ತೆರೆದಿಟ್ಟ ಬೆಲ್ಲ ನೀರು ಬಿಡುವ ಹಾಗೆ, ಕಾಕಂಬಿಯ ಕೋರು ಗಾಳಿಯ ಪಸೆ ಕುಡಿದು ಒಳಗೊಳಗೇ ಮೆತ್ತಗಾಗುತ್ತದೆ. ಹಸಿ ಕೋರಿನ ಮೇಲೆ ಕಾದ ಕಬ್ಬಿಣ ಬಿದ್ದರೆ ಆ ನೀರಷ್ಟೂ ಒಂದೇ ಸಲಕ್ಕೆ ಹಬೆಯಾಗುತ್ತದೆ. ದಾರಿ ಸಾಲದೆ ಕಬ್ಬಿಣವನ್ನೇ ಎತ್ತಿ ಎಸೆಯುತ್ತದೆ. ಇದು ರಾಚವ್ವನಿಗೆ ಗೊತ್ತಿತ್ತು. ಮಿಸ್ತ್ರಿ ಮೊದಲ ವರ್ಷವೇ ಹೇಳಿದ್ದ. ಆದರೆ ಮಿಸ್ತ್ರಿಯೇ ಕಲಸಿ ಕಳಿಸಿದ ಉಸುಕು ಇದು. ಅವನಿಗೆ ತಿಳಿಯದ್ದು ತನಗೇನು ತಿಳಿದೀತು ಎಂದುಕೊಂಡು ಆಕೆ ಪೆಟ್ಟಿಗೆಗೆ ಉಸುಕು ತುಂಬಿದಳು. ಇಬ್ಬರೂ ಸೇರಿ ಹನ್ನೆರಡು ಕೋರು ಮಾಡಿದರು. ಬೇಯಿಸಿ ಹಲಗೆಯ ಮೇಲೆ ಸಾಲಾಗಿ ಇಟ್ಟು ಮನೆಗೆ ಹೋದರು. ಮರುದಿನ ರವಿವಾರ, ರಜೆ.

ಸೋಮವಾರ ಬೆಳಿಗ್ಗೆ ಹಲಗೆಯಿಂದ ಒಂದು ಕೋರು ಎತ್ತಿದಾಗಲೇ ಆಕೆಗೆ ಗೊತ್ತಾಯಿತು. ಅಂಚು ಬೆರಳಿಗೆ ಪುಡಿಯಾಗಿ ಬಂತು. ತಟ್ಟಿದರೆ ಸದ್ದಿಲ್ಲ. ಅಷ್ಟರಲ್ಲಿ ಅಚ್ಚು ಕಟ್ಟುವವರು ಬಂದು ಒಂದೊಂದೇ ಒಯ್ಯತೊಡಗಿದರು. ಕೊನೆಯವನು ದೂಜ. ಉಡುಪಿ ಕಡೆಯ ಇಪ್ಪತ್ತಾರರ ಗಂಡಾಳು. ಹೋಟೆಲಿನಲ್ಲಿ ಬಟ್ಟಲು ತೊಳೆಯುವುದು ಬೇಡವೆಂದು ಫೌಂಡ್ರಿ ಸೇರಿ ಅಚ್ಚು ಕಟ್ಟುವುದೂ ಕಬ್ಬಿಣ ಹೊಯ್ಯುವುದೂ ಕಲಿತಿದ್ದ. ರಾಚವ್ವ ಕೊಟ್ಟ ಕೋರನ್ನು ಎರಡೂ ಕೈಯಲ್ಲಿ ಹಿಡಿದವನು ಹೋಗದೆ ನಿಂತ.

"ರಾಚಕ್ಕ, ಇದು ಸರಿ ಉಂಟಾ? ಕೈಗೆ ಒಂಥರಾ ತಂಪು ಬಡೀತದೆ."

ರಾಚವ್ವ ಅತ್ತ ನೋಡಿದಳು. ಹತ್ತು ಹೆಜ್ಜೆ ದೂರದಲ್ಲಿ ಮಿಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ಇವರನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೂ ಇರಲಿಲ್ಲ.

"ಸರಿ ಐತಿ. ಹಾಕಪಾ," ಎಂದಳು.

ಮಧ್ಯಾಹ್ನ ಮೂರರ ಸುಮಾರಿಗೆ ಹೊಯ್ಯಲು ಶುರು ಮಾಡಿದರು. ಮೊದಲ ಅಚ್ಚುಗಳು ಸ್ವಲ್ಪ ಗುಳುಗುಳು ಎಂದು ಸುಮ್ಮನಾದವು. ಆಮೇಲೆ ದೂಜ ಕಟ್ಟಿದ ಅಚ್ಚು ಅನ್ನದ ತಪ್ಪಲೆಯ ಹಾಗೆ ಕುದಿಯತೊಡಗಿತು. ಯಾರೋ ಕೂಗಿದರು. ಕೂಗು ಮುಗಿಯುವ ಮೊದಲೇ ಅಚ್ಚಿನ ಬಾಯಿಂದ ಕಬ್ಬಿಣ ಆಳೆತ್ತರಕ್ಕೆ ಹಾರಿತು. ದೂಜ ಮತ್ತು ಇನ್ನೊಬ್ಬ ಎರಡು ಕಡೆ ಹಿಡಿಕೆ ಹಿಡಿದು ಕರಗಿದ ಕಬ್ಬಿಣ ತುಂಬಿದ, ದೊಡ್ಡ ಸೌಟಿನಂಥ ಲ್ಯಾಡಲ್ ಹೊತ್ತು ನಿಂತಿದ್ದರು. ಹಾರಿದ ಕಬ್ಬಿಣ ದೂಜನ ಎಡಗಾಲಿನ ಮೇಲೆ, ಮೊಣಕಾಲಿನಿಂದ ಪಾದದ ತನಕ ಬಿತ್ತು. ಅವನು ಹಿಡಿಕೆ ಕೈಬಿಟ್ಟಿದ್ದರೆ ಎದುರಿನವನು ಪೂರಾ ಸುಟ್ಟುಹೋಗುತ್ತಿದ್ದ. ದೂಜ ಬಿಡಲಿಲ್ಲ. ಹಲ್ಲು ಕಚ್ಚಿ ಲ್ಯಾಡಲನ್ನು ನೆಲಕ್ಕಿಟ್ಟು, ಆಮೇಲೆ ಬಿದ್ದ. ಶೇಠನ ಮೋಟಾರಿನಲ್ಲೇ ಆಸ್ಪತ್ರೆಗೆ ಒಯ್ದರು. ರಾಚವ್ವ ಬಾಗಿಲ ತನಕ ಓಡಿದಳು, ಮಳೆಯಲ್ಲಿ ನಿಂತಳು, ಒಳಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ಕೈ ತೊಳೆಯುವುದು ಸಹ ಮರೆತು ಮನೆಗೆ ನಡೆದಳು.

ಮರುದಿನ ಫೌಂಡ್ರಿಯಲ್ಲಿ ಒಂದೇ ಮಾತು: ದೂಜ ಅವಸರ ಮಾಡಿ ಹೊಯ್ದ, ಅದಕ್ಕೇ ಹೀಗಾಯಿತು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಮಿಸ್ತ್ರಿ ಅದನ್ನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಡೆದ, ತೂತುಬಿದ್ದ ಪಂಪುಗಳನ್ನೆಲ್ಲ ಮೂಲೆಗೆ ರಾಶಿ ಹಾಕಿದ್ದರು. ಗುರುವಾರ ಭಟ್ಟಿ ಹಚ್ಚಿದಾಗ ಅವೆಲ್ಲ ಮತ್ತೆ ಕರಗಲು ಹೋಗಲಿದ್ದವು.

ಅಂದಿನಿಂದ ರಾಚವ್ವನಿಗೆ ಒಂದು ಕಡೆ ಕೂರಲಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಖೋಲಿಯ ಮುಂದಿನ ಗ್ಯಾಲರಿಗೆ ಹೋಗುವಳು, ಸುಟ್ಟ ವಾಸನೆ ಬಂದಾಗ ಓಡಿ ಬರುವಳು. ಕೊಡ ತುಂಬಿದ್ದರೂ ಮತ್ತೆ ನಳಕ್ಕೆ ಹೋಗಿ ಸಾಲಿನಲ್ಲಿ ನಿಲ್ಲುವಳು, ತನ್ನ ಪಾಳಿ ಬರುವ ಮೊದಲೇ ಬಿಟ್ಟು ಬರುವಳು. ಮಗಳ ಜಡೆಯನ್ನು ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದಳು. ಹುಡುಗಿ ಅಳತೊಡಗಿದಳು.

ದಾನಪ್ಪ ಕೇಳಿದ, "ಯಾಕ ಹಿಂಗ ಅಡ್ಡಾಡ್ತೀ? ಮೈಯಾಗ ಆರಾಮಿಲ್ಲೇನು?"

ಆಕೆ ಎಲ್ಲ ಹೇಳಿದಳು. ಕಾಕಂಬಿ, ಹಸಿ ಕೋರು, ದೂಜ ಕೇಳಿದ್ದು, ತಾನು ಹೇಳಿದ್ದು. ದಾನಪ್ಪ ಸಮಾಧಾನ ಮಾಡಲೆಂದೇ ಅಂದ, "ಹನ್ನೆರಡು ಕೋರಿನಾಗ ಆರು ಕಾಶವ್ವಂದು. ಹಾರಿದ್ದು ನಿಂದೋ ಆಕೀದೋ ಯಾರಿಗ್ ಗೊತ್ತೈತಿ? ಸುಮ್ಮನ ಯಾಕ ತಲೀಗ ಹಚ್ಕೋತೀ?"

ಆ ಮಾತು ಸಮಾಧಾನ ಮಾಡುವ ಬದಲು ಆಕೆಗೆ ಒಂದು ದಾರಿ ತೋರಿಸಿತು. ಯಾರಿಗೆ ಗೊತ್ತು ಎಂದರೆ, ಗೊತ್ತು ಮಾಡಿಕೊಳ್ಳಬಹುದಿತ್ತು. ಯಾರ ಕೋರು ಯಾವುದೆಂದು ತಿಳಿಯಲಿ ಎಂದು ಇಬ್ಬರೂ ತುದಿಯಲ್ಲಿ ಗುರುತು ಒತ್ತುತ್ತಿದ್ದರು. ಕಾಶವ್ವ ಹೆಬ್ಬೆರಳು ಒತ್ತಿ ಗುಳಿ ಮಾಡುವಳು, ರಾಚವ್ವ ಉಗುರಿನಿಂದ ಮೂರು ಗೆರೆ ಎಳೆಯುವಳು. ಕೋರಿನ ತುದಿ ಅಚ್ಚಿನ ಉಸುಕಿನಲ್ಲಿ ಹುಗಿದಿರುತ್ತದೆ. ಅದಕ್ಕೆ ಕಬ್ಬಿಣ ತಾಗುವುದಿಲ್ಲ. ಒಡೆದ ಪಂಪನ್ನು ಯಾರೂ ಚೊಕ್ಕ ಮಾಡಿರಲಿಲ್ಲವಾದ್ದರಿಂದ ತುದಿ ಇನ್ನೂ ಅಲ್ಲೇ ಸಿಕ್ಕಿಕೊಂಡಿರಬೇಕು.

ಬುಧವಾರ ಊಟದ ಹೊತ್ತಿಗೆ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಆಕೆ ರಾಶಿಯ ಹತ್ತಿರ ಹೋದಳು. ಗುರುವಾರಕ್ಕೆ ಇನ್ನೊಂದೇ ದಿನ. ದೂಜನ ಅಚ್ಚಿನ ಪಂಪನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಅರ್ಧಕ್ಕೇ ತುಂಬಿ, ಜೇನುಹುಟ್ಟಿನ ಹಾಗೆ ತೂತುತೂತಾಗಿತ್ತು. ಅದು ರಾಶಿಯ ಅಡಿಯಲ್ಲಿತ್ತು. ಮೇಲಿನ ಎರಡನ್ನು ಹೊರಳಿಸುವಾಗ ಬೆರಳು ಜಜ್ಜಿತು. ಬಗ್ಗಿ, ಪಂಪಿನ ಬಾಯಿಯೊಳಗೆ ಕೈ ಹಾಕಿ, ತುದಿಯನ್ನು ಸೀರೆಯ ಅಂಚಿನಿಂದ ಒರೆಸಿದಳು.

ಒಂದು ಗುಳಿ. ಹೆಬ್ಬೆರಳಿನ ಗುಳಿ.

ತನ್ನದಲ್ಲ. ರಾಚವ್ವ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ನಕ್ಕುಬಿಟ್ಟಳಂತೆ. ಇದನ್ನು ನನಗೆ ಹೇಳುವಾಗಲೂ ಆಕೆಗೆ ನಾಚಿಕೆಯಾಗಿತ್ತು. ನಗು ಎರಡು ಉಸಿರಿನಷ್ಟೇ ಹೊತ್ತು ಇತ್ತು. ಆಮೇಲೆ, ಕೋರು ಯಾರದಾದರೇನು, ಸರಿ ಐತಿ ಎಂದ ಬಾಯಿ ಯಾರದು ಎಂಬುದು ನೆನಪಾಯಿತು. ಕಾಶವ್ವನನ್ನು ದೂಜ ಏನೂ ಕೇಳಿರಲಿಲ್ಲ. ಈಗ ಈ ಗುಳಿ ಯಾರ ಕಣ್ಣಿಗಾದರೂ ಬಿದ್ದರೆ ಎಲ್ಲ ತಪ್ಪೂ ಆ ಮಾತಿಲ್ಲದ ಹೆಂಗಸಿನ ತಲೆಗೆ ಬರುತ್ತದೆ. ರಾಚವ್ವ ಉಗುರಿನಿಂದ ಕೆರೆದು ಗುಳಿಯನ್ನು ಅಳಿಸಿದಳು. ಕೆರೆಯಲು ಕಷ್ಟವೇ ಆಗಲಿಲ್ಲ; ಉಸುಕು ಹಸಿ ಬೆಲ್ಲದ ಹಾಗೆ ಕೈಗೆ ಬಂತು. ಒಂದು ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಗಂಡನ ಮುಂದೆ ಗಂಟು ಬಿಚ್ಚಿದಳು. "ಮೂಸಿ ನೋಡ್ರಿ."

ದಾನಪ್ಪ ಮೂಸಿ, ತುಂಡನ್ನು ಕೆಳಗಿಟ್ಟ. "ನಿಂದಲ್ಲಲ್ಲಾ, ಮುಗೀತು. ಇದನ್ನ ಹಿಡಕೊಂಡು ಯಾರ ಹತ್ರ ಹೋಗ್ತೀ? ನೀಲಕಂಠ ಕಾಕಾ ಇಲ್ಲಂದ್ರ ಅವತ್ತ ನಾವು ನಾಕೂ ಮಂದಿ ಉಪಾಸ ಬೀಳ್ತಿದ್ವಿ. ನೀ ಬಾಯಿ ತಗದ್ರ ಮೊದಲು ಅವಂದ ಕೆಲಸಾ ಹೋಗತೈತಿ, ಆಮ್ಯಾಲ ನಿಂದು."

"ದೂಜನ ಕಾಲು?"

"ಕಾಲಿಗೆ ಔಷಧಾ ಹಚ್ಚಾಕತ್ತಾರ. ನಿನ್ನ ಮಾತಿನಿಂದ ಅದು ಲಗೂ ಮಾಯ್ತೈತೇನು?"

ಆಕೆ ತುಂಡನ್ನು ಎತ್ತಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಒಂದು ತಿಂಗಳು ಹಾಗೆಯೇ ಕಳೆಯಿತು. ಕೆಲಸಕ್ಕೆ ಹೋಗುವಳು, ಕಾಕಂಬಿಯ ಉಸುಕನ್ನೇ ಬಡಿಯುವಳು. ಮಿಸ್ತ್ರಿ ಈಗ ಕೋರುಗಳನ್ನು ಒಲೆಯಿಂದ ತೆಗೆದ ದಿನವೇ ಅಚ್ಚಿಗೆ ಹಾಕಿಸುತ್ತಿದ್ದ, ಹಾಗಾಗಿ ಮತ್ತೇನೂ ಅನಾಹುತವಾಗಲಿಲ್ಲ. ಆದರೆ ಹೊಯ್ಯುವ ಹೊತ್ತಿಗೆ ರಾಚವ್ವ ಒಳಗೆ ನಿಲ್ಲಲಾರದೆ ಅಂಗಳಕ್ಕೆ ಹೋಗಿ ಮಳೆಯಲ್ಲಿ ತೋಯುವಳು. ಅಚ್ಚುಗಳು ಗುಳುಗುಳು ಎನ್ನುವುದು ನಿಂತ ಮೇಲೆ ಬರುವಳು. ಮಿಸ್ತ್ರಿಯ ಮುಖ ನೋಡುವುದನ್ನು ಆಕೆ ಬಿಟ್ಟಳು. ಅವನೂ ಆಕೆಯನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟ.

ಆಗಸ್ಟಿನ ಕೊನೆಗೆ ಸುದ್ದಿ ಬಂತು. ದೂಜನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಜೋಗೇಶ್ವರಿಯಲ್ಲಿ ಅಣ್ಣನ ಹತ್ತಿರ ಇದ್ದಾನೆ, ಶೇಠ್ ಅವನನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅದರ ಮುಂದಿನ ರವಿವಾರ ರಾಚವ್ವ ಗಂಡನಿಗೆ ಹೇಳದೆ ಹೊರಟಳು. ಒಬ್ಬಳೇ ಗಾಡಿ ಬದಲಿಸಿದ್ದು ಅದೇ ಮೊದಲು. ದಾದರಿನಲ್ಲಿ ಸೇತುವೆ ಹತ್ತಿಳಿದು ಮೂವರನ್ನು ದಾರಿ ಕೇಳಿದಳು. ಮೂವರೂ ಒಂದೇ ಹೇಳಿದರೂ ನಾಲ್ಕನೆಯವನನ್ನು ಕೇಳಿದಳು. ಗಾಡಿಯಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತು, ಆದರೆ ಬಾಗಿಲಿಗೆ ಬಂದು ನಿಂತಳು. ಪ್ರತಿ ಸ್ಟೇಷನ್ನಿನಲ್ಲಿ ಇದೇನಾ, ಇದೇನಾ ಎಂದು ಕೇಳಿ ಕೇಳಿ, ಅಂಧೇರಿಯಲ್ಲಿ ತಡೆಯಲಾರದೆ ಒಂದು ಸ್ಟೇಷನ್ ಮೊದಲೇ ಇಳಿದುಬಿಟ್ಟಳು. ಅಲ್ಲಿಂದ ಕೆಸರಿನ ದಾರಿಯಲ್ಲಿ ನಡೆದಳು.

ದೂಜನ ಅಣ್ಣ ಕೊರಗಪ್ಪ ಒಂದು ಚಿಕ್ಕ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು. ಹೋಟೆಲಿನ ಹಿಂದೆ ತಗಡು ಇಳಿಸಿದ ಜಾಗದಲ್ಲಿ ಚಾಪೆಯ ಮೇಲೆ ದೂಜ ಗೋಡೆಗೊರಗಿ ಕೂತಿದ್ದ. ಎಡಗಾಲು ಬಟ್ಟೆಯಲ್ಲಿ ಸುತ್ತಿ ಚಾಚಿತ್ತು. ಮುಖ ಒಣಗಿತ್ತು.

"ರಾಚಕ್ಕ! ಇಷ್ಟು ದೂರ ಒಬ್ಬರೇ ಬಂದ್ರಾ? ಕೂತ್ಕೊಳ್ಳಿ."

ಆಕೆ ಕೂರಲಿಲ್ಲ. ನಿಂತೇ, ಒಂದೇ ಉಸಿರಿಗೆ ಹೇಳಿದಳು. ಕಾಕಂಬಿ ಎಂದು ಶನಿವಾರವೇ ಗೊತ್ತಿತ್ತು. ಹಸಿ ಎಂದು ಸೋಮವಾರ ಗೊತ್ತಿತ್ತು. ಆದರೂ ಸರಿ ಐತಿ ಅಂದೆ. "ನನ್ನ ಬಾಯಾಗ ಹುಳಾ ಬೀಳ್ಲಿ, ನಾ ಹಂಗ ಅಂದೆನಪಾ."

ದೂಜ ಕಾಲಿನ ಬಟ್ಟೆಯನ್ನು ಸರಿಮಾಡಿದ. "ಅದು ಹಸಿ ಅಂತ ನಂಗೂ ಗೊತ್ತಿತ್ತು ಅಕ್ಕ. ಕೈಯಲ್ಲಿ ಹಿಡಿದವ ನಾನಲ್ವಾ?"

"ಮತ್ತ ಯಾಕ ನನ್ನ ಕೇಳಿದಿ?"

"ಯಾರಾದ್ರೂ ಒಬ್ರು ಬೇಡ ಅಂತ ಹೇಳ್ಲಿ ಅಂತ. ನಾನೊಬ್ಬನೇ ಬೇಡ ಅಂದ್ರೆ ಮಿಸ್ತ್ರಿ ಕೇಳ್ತಾರಾ? ಇಬ್ರು ಅಂದ್ರೆ ಮತ್ತೆ ಒಂದು ಮಾತು ಆಗ್ತದೆ."

ರಾಚವ್ವನ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಕೊರಗಪ್ಪ ಮುಂಗೈಗೆ ಅಂಟಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಬಂದ. ಅವನು ಎಲ್ಲ ಕೇಳಿಸಿಕೊಂಡಿದ್ದ.

"ಇಲ್ಲಿ ಬಂದು ಅತ್ರೆ ಎಂತ ಆಗ್ತದೆ ಮಾರಾಯ್ತಿ?" ಎಂದ. "ಇವನದ್ದೇ ತಪ್ಪು ಅಂತ ಶೇಠ್ ಕಾಗದದಲ್ಲಿ ಬರ್ದು ಹಾಕಿದ್ದಾರೆ. ಆ ಕಾಗದ ಇರುವವರೆಗೆ ಯಾವ ಕಾರ್ಖಾನೆಯವರೂ ಇವನನ್ನು ಒಳಗೆ ಬಿಡ್ಲಿಕ್ಕಿಲ್ಲ. ನಿಮ್ಗೆ ಹೇಳ್ಬೇಕು ಅಂತ ಇದ್ರೆ ಅಲ್ಲಿ ಹೋಗಿ ಹೇಳಿ."

"ಅಣ್ಣ, ಬಿಡು," ಎಂದ ದೂಜ. ಆದರೆ ಹೇಳಬೇಡಿ ಎಂದು ಅವನೂ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ರಾಚವ್ವ ಸೀದಾ ಶೇಠನ ಕ್ಯಾಬಿನ್ನಿಗೆ ಹೋದಳು. ಹೆಂಗಸರು ಯಾರೂ ಆ ಬಾಗಿಲು ದಾಟಿದವರಲ್ಲ. ಮಿಸ್ತ್ರಿ ಅದನ್ನು ಕಂಡು ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆಯೇ ಬಂದ. ಶೇಠ್ ತಲೆಯೆತ್ತಿ, ಏನು ಎನ್ನುವಂತೆ ಮಿಸ್ತ್ರಿಯನ್ನು ನೋಡಿದ. ಆದರೆ ಆಕೆ ಈ ಸಲ ಮಿಸ್ತ್ರಿಯ ನಾಲಿಗೆಗೆ ಕಾಯಲಿಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮರಾಠಿ ಮಾತನ್ನು ಮೇಜಿನ ಮುಂದೆ ನಿಂತು ಹೇಳಿದಳು.

"ಶೇಠ್, ತೇಲ್ ನಾಹೀ. ಕಾಕವೀ. ದೂಜಾಚೀ ಚೂಕ್ ನಾಹೀ."

ಎಣ್ಣೆಯಲ್ಲ, ಕಾಕಂಬಿ, ದೂಜನ ತಪ್ಪಿಲ್ಲ. ಅಷ್ಟೇ ಆಕೆಗೆ ಬರುತ್ತಿದ್ದ ಮರಾಠಿ. ಹೇಳಿ ಸೆರಗಿನ ಗಂಟು ಬಿಚ್ಚಿ ಆ ತುಂಡನ್ನು ಮೇಜಿನ ಮೇಲಿಟ್ಟಳು. ತಿಂಗಳ ಮೇಲಾದರೂ ಅದು ಒಣಗಿರಲಿಲ್ಲ; ಮೇಜಿನ ಹಸಿರು ಬಟ್ಟೆಗೆ ಕಂದು ಕಲೆ ಹತ್ತಿತು.

ಶೇಠ್ ಅದನ್ನು ನೋಡಿದ. ಬೆಚ್ಚಿ ಬೀಳಲಿಲ್ಲ, ಏನೆಂದು ಕೇಳಲೂ ಇಲ್ಲ. ಕಾಕಂಬಿಯ ಪೀಪಾಯಿ ತರಿಸಿದ್ದು ತಾನೇ, ಎಣ್ಣೆ ಸಿಗುವುದು ಕಷ್ಟವಾಗಿತ್ತು ಎಂದು ಹಿಂದಿಯಲ್ಲಿ ಹೇಳಿ, ಇದನ್ನೆಲ್ಲ ಕೇಳಲು ಇವಳು ಯಾರು ಎಂದು ಮಿಸ್ತ್ರಿಯ ಕಡೆ ತಿರುಗಿದ. ರಾಚವ್ವ ಕಂಬದ ಹಾಗೆ ನಿಂತುಬಿಟ್ಟಳು. ತಾನೊಂದು ದೊಡ್ಡ ಗುಟ್ಟನ್ನು ಹೊತ್ತು ಒದ್ದಾಡುತ್ತಿದ್ದೇನೆ ಎಂದುಕೊಂಡಿದ್ದಳು. ಇಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು.

"ಹೊರಗ ನಡಿ ರಾಚವ್ವಾ," ಎಂದ ಮಿಸ್ತ್ರಿ ಮೆಲ್ಲಗೆ.

"ಕಾಕಾ, ಮಳಿಗಾಲದಾಗ ಕಾಕಂಬಿ ಮುಟ್ಟಬಾರ್ದು ಅಂತ ನನಗ ಹೇಳಿಕೊಟ್ಟಾವ್ರು ನೀವ. ಇವರಿಗೆ ಹೇಳಿದ್ರೋ ಇಲ್ಲೋ?"

ಮಿಸ್ತ್ರಿ ನೆಲ ನೋಡಿದ. "ಒಮ್ಮೆ ಹೇಳಿದೆ."

"ಹಂಗಾದ್ರ ಇನ್ನೊಮ್ಮೆ ಹೇಳ್ರಿ. ನಾ ಇಲ್ಲೇ ನಿಂತೀನಿ."

ಶೇಠ್ ಏರುದನಿಯಲ್ಲಿ, ಏನು ಹೇಳುತ್ತಾಳೆ ಇವಳು ಎಂದು ಕೇಳಿದ. ತಗಡಿನ ಮೇಲೆ ಮಳೆ ಜೋರಾಗಿ ಬಡಿಯುತ್ತಿತ್ತು. ಅರವತ್ತರ ಹತ್ತಿರ ಬಂದಿದ್ದ ನೀಲಕಂಠಪ್ಪ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಹಿಂದಿಯಲ್ಲಿ, ನಿಧಾನವಾಗಿ, ಒಂದು ಮಾತನ್ನೂ ಬಿಡದೆ ಹೇಳಿದ. ಕೋರು ಹಸಿಯಾಗಿತ್ತು. ತನಗೆ ಗೊತ್ತಿತ್ತು. ಹುಡುಗ ಸರಿಯಾಗಿಯೇ ಹೊಯ್ದ.

ಶೇಠನ ಮುಖ ಕೆಂಪಾಯಿತು. ನಾಳೆಯಿಂದ ಇವಳನ್ನು ಗೇಟಿನೊಳಗೆ ಬಿಡಬೇಡ ಎಂದು ಅವನು ಹೇಳಿದ್ದು ರಾಚವ್ವನಿಗೆ ಚೆನ್ನಾಗಿಯೇ ಅರ್ಥವಾಯಿತು. ಮಿಸ್ತ್ರಿ ಆಕೆಯ ಕಡೆ ತಿರುಗಿ, ಎಂದಿನಂತೆ ಶೇಠನ ಮಾತನ್ನು ದಾಟಿಸುವ ದನಿಯಲ್ಲೇ, ಕನ್ನಡದಲ್ಲಿ ಹೇಳಿದ:

"ನಾಳೆ ಎಂಟಕ್ಕ ಬಾ. ತಡಾ ಮಾಡಬ್ಯಾಡ."

ಮರುದಿನ ಎಂಟಕ್ಕೆ ಆಕೆ ಹೋದಳು. ಶೇಠ್ ನೋಡಿದ, ಮುಖ ತಿರುಗಿಸಿಕೊಂಡು ಹೋದ. ಪಂಪುಗಳ ಬೇಡಿಕೆ ತುಂಬ ಇತ್ತು, ಕಾಶವ್ವನ ಎರಡು ಕೈ ಸಾಲುತ್ತಿರಲಿಲ್ಲ. ಕಾಕಂಬಿಯ ಪೀಪಾಯಿ ಅಲ್ಲೇ ಇತ್ತು. ಉಸುಕಿನ ಬುಟ್ಟಿ ಬಂದಾಗ ರಾಚವ್ವ ಕೈ ಹಾಕಲಿಲ್ಲ, ಎದ್ದು ಶೆಡ್ಡಿನ ಆ ತುದಿಯಿಂದ ಈ ತುದಿಗೆ ಅಡ್ಡಾಡತೊಡಗಿದಳು. ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಕಾಶವ್ವ ತನ್ನ ಕೈ ಕೊಡವಿ, ಸೆರಗಿಗೆ ಒರೆಸಿ, ಗೋಡೆಗೆ ಬೆನ್ನು ಹಚ್ಚಿ ಕೂತಳು.

"ಎಣ್ಣಿ ಬರೂತನಕಾ ನನ್ನ ಕೈ ನೋಯತಾವ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಮಿಸ್ತ್ರಿ ಎಲ್ಲಿಂದಲೋ ಅಗಸಿ ಎಣ್ಣೆಯ ಎರಡು ಡಬ್ಬಿ ತರಿಸಿದ. ಆ ವರ್ಷ ಮಳೆ ಮುಗಿಯುವ ತನಕ ಎಣ್ಣೆಯೇ ಬಂತು. ಚಳಿಗಾಲಕ್ಕೆ ಪೀಪಾಯಿ ಮತ್ತೆ ತೆರೆಯಿತು, ಮುಂದಿನ ಮಳೆಗೆ ಮುಚ್ಚಿತು. ಅಷ್ಟೇ ಆದ ಬದಲಾವಣೆ.

ದೂಜನ ಕಾಗದ ಅಷ್ಟು ಸುಲಭವಾಗಿ ಬದಲಾಗಲಿಲ್ಲ. ರಾಚವ್ವ ಪ್ರತಿ ಶನಿವಾರ ಮಿಸ್ತ್ರಿಯನ್ನು ಕೇಳುವಳು, ಅವನು ತಲೆಯಾಡಿಸುವನು. ಕೊನೆಗೆ ಕಾರ್ಮಿಕ ಖಾತೆಯ ಸಾಹೇಬನೊಬ್ಬ ವಿಚಾರಣೆಗೆ ಬಂದಾಗ ನೀಲಕಂಠಪ್ಪ ಕ್ಯಾಬಿನ್ನಿನಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ಸಹಿ ಹಾಕಿದ. ಹೊಯ್ಯುವವನ ತಪ್ಪಿಲ್ಲ ಎಂದು ಬರೆದ ಕಾಗದ ಜೋಗೇಶ್ವರಿಗೆ ಹೋಯಿತು. ದೀಪಾವಳಿ ಕಳೆದ ಎಂಟನೆಯ ದಿನ ಶೇಠ್ ಮಿಸ್ತ್ರಿಯನ್ನು ಕೆಲಸದಿಂದ ಬಿಡಿಸಿದ.

ದಾನಪ್ಪ ಒಂದು ವಾರ ಹೆಂಡತಿಯ ಜೊತೆ ಮಾತಾಡಲಿಲ್ಲ. ಆಕೆ ಬಡಿಸಿದ್ದನ್ನು ಉಂಡು, ಎದ್ದು, ಗ್ಯಾಲರಿಯಲ್ಲಿ ನಿಲ್ಲುವನು. ರಾಚವ್ವನಿಗೆ ದೂಜನ ಕಾಲಿನ ಚಿಂತೆ ಇದ್ದ ಜಾಗಕ್ಕೆ ಕಾಕಾನ ಚಿಂತೆ ಬಂದು ಸೇರಿತು. ಬೆಳಗಾವಿಯಲ್ಲಿ ಹೊಸದಾಗಿ ಶುರುವಾದ ಒಂದು ಫೌಂಡ್ರಿಯವರು ಕರೆದಿದ್ದಾರೆಂದು ಹೇಳಲು, ಹೊರಡುವ ಹಿಂದಿನ ದಿನ ನೀಲಕಂಠಪ್ಪ ಚಾಳಿಗೆ ಬಂದ. ರಾಚವ್ವ ಬಾಗಿಲ ಮರೆಗೆ ಸರಿದಳು.

"ಹೊರಗ ಬಾರವಾ," ಎಂದ ಅವನು. "ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಸಿಟ್ಟು ಐತಿ. ಈ ವಯಸ್ಸಿನಾಗ ಗಂಟು ಕಟ್ಟಿಸಿದಿ. ಆದ್ರ ಆ ಹುಡುಗ ಕೋರು ಹಿಡಕೊಂಡು ನಿಂತಾಗ ನಾ ನೋಡಾಕತ್ತಿದ್ದೆ. ನೀ ಏನ್ ಅಂತೀ ಅಂತ ಕಾಯ್ತಿದ್ದೆ. ನಾ ಅನ್ನಬೇಕಾಗಿದ್ದನ್ನ ನೀ ಅನ್ಲಿ ಅಂತ ಕಾಯ್ತಿದ್ದೆ." ಅವನು ಚಹಾ ಕೂಡ ಕುಡಿಯದೆ ಇಳಿದು ಹೋದ. ಅವನ ಪತ್ರ ಬಂದದ್ದು ಮರುವರ್ಷ, ಅದೂ ದಾನಪ್ಪನ ಹೆಸರಿಗೆ.

ದೂಜ ಫೌಂಡ್ರಿಗೆ ಮರಳಲಿಲ್ಲ. ಕಾಗದ ಕೈಯಲ್ಲಿದ್ದರೂ, ಉಸುಕಿನ ವಾಸನೆ ಬಂದರೆ ಕಾಲು ನಡುಗುತ್ತದೆ ಎಂದನಂತೆ. ವಿಲೆ ಪಾರ್ಲೆ ಸ್ಟೇಷನ್ನಿನ ಹತ್ತಿರ ಊರಿನವರೊಬ್ಬರು ತೆರೆದ ಹೋಟೆಲಿನಲ್ಲಿ ಮೇಲುಸ್ತುವಾರಿ ನೋಡಿಕೊಂಡ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಎರಡು ವರ್ಷದ ಮೇಲೆ, ದೊಡ್ಡ ಮಗಳಿಗೆ ಗಂಡು ನೋಡಲು ಆ ಕಡೆ ಹೋದ ರಾಚವ್ವ ಬರುವಾಗ ಒಬ್ಬಳೇ ಆ ಹೋಟೆಲಿನ ಮುಂದೆ ನಿಂತಳು. ಒಳಗೆ ಹೋಗಲೋ ಬೇಡವೋ ಎಂದು ಎರಡು ಸಲ ರಸ್ತೆ ದಾಟಿದಳು. ದೂಜನೇ ಕಂಡು ಹೊರಗೆ ಬಂದ.

"ಎಂತ ರಾಚಕ್ಕ, ಹೊರಗೆ ಎಂತಕ್ಕೆ ನಿಂತದ್ದು? ಬನ್ನಿ, ಬನ್ನಿ."

ಮೂಲೆಯ ಬೆಂಚಿನ ಮೇಲೆ ಕೂಡಿಸಿ ಬನ್ಸು ತಂದಿಟ್ಟ. ಆಕೆ ಬೆಂಚಿನ ಅಂಚಿನಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಮಿಸ್ತ್ರಿ ಹೇಗಿದ್ದಾರೆ ಎಂದು ಅವನು ಕೇಳಿದ, ಬೆಳಗಾವಿಯಲ್ಲಿ ಆರಾಮಿದ್ದಾರೆ ಎಂದಳು. ಕಾಶವ್ವ? ಆಕೆಯೂ ಇದ್ದಾಳೆ. ಮಾತು ಮುಗಿಯಿತು. ರಾಚವ್ವ ಎದ್ದಳು.

"ಹೋಗ್ತೀನಪಾ. ಗಾಡಿ ತಪ್ಪತೈತಿ."

"ಗಾಡಿ ಇನ್ನೊಂದು ಉಂಟಲ್ಲ ಅಕ್ಕ. ಬನ್ಸು ತಿನ್ನಿ. ಬಿಸಿ ಉಂಟು."

ಅಂದು ಆಕೆ ಅಲ್ಲೇ ಕೂತು ಎರಡು ಗಾಡಿ ಬಿಟ್ಟಳಂತೆ.